ಲೈವ್‌ನಲ್ಲಿ ಬಂದ ನೂರು ರೂಪಾಯಿ: ಕೈಗೆ ಸಿಗೋದೆಷ್ಟು?

[ಸ್ಕ್ರೀನ್ ಮೇಲೆ: ಲೈವ್ ಚಾಟ್, ಅದರಲ್ಲಿ 100 ರೂಪಾಯಿಯ ಸೂಪರ್ ಚಾಟ್]

ನಿಮ್ಮ ಯೂಟ್ಯೂಬ್ ಲೈವ್‌ನಲ್ಲಿ ಯಾರೋ 100 ರೂಪಾಯಿ ಸೂಪರ್ ಚಾಟ್, ಅಂದ್ರೆ ಹಣ ಕೊಟ್ಟು ಹಾಕೋ ಮೆಸೇಜ್, ಹಾಕಿದ್ರು ಅಂದ್ಕೊಳ್ಳಿ. ಮೊದಲು 18% ಜಿಎಸ್‌ಟಿ ಹೋಗುತ್ತೆ, ಉಳಿಯೋದು 84 ರೂಪಾಯಿ 75 ಪೈಸೆ. ಅದರಲ್ಲಿ 70% ನಿಮಗೆ, 30% ಯೂಟ್ಯೂಬ್‌ಗೆ. ಅಲ್ಲಿಗೆ ನಿಮ್ಮ ಪಾಲು ಸುಮಾರು 59 ರೂಪಾಯಿ.

ಅದೇ ನೂರು ಐಫೋನ್ ಆ್ಯಪ್‌ನಿಂದ ಬಂದ್ರೆ, ಹಂಚಿಕೆಗೂ ಮೊದಲೇ ಆ್ಯಪ್ ಸ್ಟೋರ್ ಶುಲ್ಕ ಮುರಿದುಕೊಳ್ಳುತ್ತಾರೆ. ಅದನ್ನ 30% ಅಂತ ಹಿಡಿದ್ರೆ ನಿಮಗೆ ಸಿಗೋದು 41–42 ರೂಪಾಯಿ ಮಾತ್ರ. ಐಫೋನ್ ಇರೋ ವೀಕ್ಷಕರಿಗೆ ಬ್ರೌಸರ್‌ನಲ್ಲಿ ಯೂಟ್ಯೂಬ್ ತೆರೆದು ಕಳಿಸೋಕೆ ಹೇಳಿ. ವೀಕ್ಷಕರು ತಿಂಗಳಿಗಿಷ್ಟು ಅಂತ ಕಟ್ಟೋ ಮೆಂಬರ್‌ಶಿಪ್‌ಗೂ ಇದೇ 70% ಲೆಕ್ಕ. ಜಾಹೀರಾತಿನಲ್ಲಿ ನಿಮ್ಮ ಪಾಲು 55%.

[ಸ್ಕ್ರೀನ್ ಮೇಲೆ: 500 – 3 – 3000]

ಸೂಪರ್ ಚಾಟ್ ಬೇಕಾದ್ರೆ 500 ಸಬ್‌ಸ್ಕ್ರೈಬರ್ಸ್, ಕಳೆದ 90 ದಿನದಲ್ಲಿ 3 ಪಬ್ಲಿಕ್ ವಿಡಿಯೋ, 12 ತಿಂಗಳಲ್ಲಿ 3000 ವಾಚ್ ಅವರ್ಸ್, ಅಂದ್ರೆ ಜನ ನಿಮ್ಮ ವಿಡಿಯೋ ನೋಡಿದ ಒಟ್ಟು ಗಂಟೆ, ಇರಬೇಕು. ಗಂಟೆಗಳ ಬದಲು 90 ದಿನದಲ್ಲಿ 30 ಲಕ್ಷ ಶಾರ್ಟ್ಸ್ ವ್ಯೂಸ್ ಆದ್ರೂ ನಡೆಯುತ್ತೆ. ಜಾಹೀರಾತಿನ ಹಣಕ್ಕೆ 1000 ಸಬ್‌ಸ್ಕ್ರೈಬರ್ಸ್, 4000 ಗಂಟೆ.

ಲೈವ್ ಮಾಡೋರು ಎಡವೋದು ಈ ಗಂಟೆಗಳ ವಿಷಯದಲ್ಲೇ. ಮುಗಿದ ಲೈವನ್ನ ಪ್ರೈವೇಟ್ ಮಾಡಿದ್ರೆ ಅಥವಾ ಡಿಲೀಟ್ ಮಾಡಿದ್ರೆ ಅದರ ಗಂಟೆಗಳು ಲೆಕ್ಕಕ್ಕೇ ಬರಲ್ಲ. 12 ಗಂಟೆ ದಾಟಿದ ಲೈವ್ ತಾನಾಗಿ ಸೇವ್ ಕೂಡ ಆಗಲ್ಲ. ಹನ್ನೊಂದೂವರೆ ಗಂಟೆಗೆ ನಿಲ್ಲಿಸಿ, ಹೊಸದಾಗಿ ಶುರು ಮಾಡಿ.

[ಸ್ಕ್ರೀನ್ ಮೇಲೆ: ಗೇಮ್ ಪರದೆಯ ಮೂಲೆಯಲ್ಲಿ ಕ್ಯೂಆರ್ ಕೋಡ್]

ನಮ್ಮಲ್ಲಿ ಬಹಳ ಜನ ಯುಪಿಐ ಕ್ಯೂಆರ್ ಹಾಕ್ತಾರೆ. ಯೂಟ್ಯೂಬ್‌ಗೆ ಪಾಲಿಲ್ಲ, ಹಣ ಆ ಕ್ಷಣವೇ ಖಾತೆಗೆ ಬರುತ್ತೆ. ಆದ್ರೆ ಇಲ್ಲಿ ಎಚ್ಚರ ಬೇಕೇ ಬೇಕು. ನಿಮ್ಮ ಯುಪಿಐ ಐಡಿಯಲ್ಲಿ ಮೊಬೈಲ್ ನಂಬರ್ ಇದ್ರೆ, ಲೈವ್ ನೋಡಿದ ಯಾರಿಗೆ ಬೇಕಾದ್ರೂ ಅದು ಸಿಗುತ್ತೆ. ನಂಬರ್ ಇಲ್ಲದ ಐಡಿ ಮಾಡಿಕೊಳ್ಳಿ. ಬ್ಯಾಂಕಿನಲ್ಲಿರೋ ಹೆಸರಂತೂ ಹಣ ಕಳಿಸೋರಿಗೆ ಕಾಣುತ್ತೆ, ಅದನ್ನ ಮುಚ್ಚಿಡೋಕಾಗಲ್ಲ. ಇನ್ನೂ ದೊಡ್ಡ ಅಪಾಯ ಅಂದ್ರೆ ವಂಚನೆಯ ಹಣ. ಯಾರಿಂದಲೋ ಕದ್ದ ಹಣವನ್ನ ನಿಮಗೆ ಕಳಿಸಿ, ಕಳಕೊಂಡವರು ಸೈಬರ್ ಕ್ರೈಂ ದೂರು ಕೊಟ್ರೆ ನಿಮ್ಮ ಖಾತೆ ಫ್ರೀಜ್ ಆಗಬಹುದು. ಮನೆ ಬಾಡಿಗೆ, ಇಎಂಐ ಹೋಗೋ ಖಾತೆಯನ್ನ ಇದಕ್ಕೆ ದಯವಿಟ್ಟು ಬಳಸಬೇಡಿ, ಬೇರೆಯದೇ ತೆರೀರಿ. ಕಳಿಸಿದವರ ಮೆಸೇಜನ್ನ ಯಂತ್ರ ಜೋರಾಗಿ ಓದೋ ಹಾಗೆ ಇಟ್ಟಿದ್ರೆ, ಬೈಗುಳದ ಫಿಲ್ಟರ್‌ಗೆ ಕನ್ನಡ ಪದಗಳನ್ನ ನೀವೇ ಸೇರಿಸಬೇಕು. ಕನ್ನಡ ಲಿಪಿಯಲ್ಲೂ, ಇಂಗ್ಲಿಷ್ ಅಕ್ಷರದಲ್ಲೂ.

ಪ್ರಾಯೋಜಕರು ಸಿಕ್ಕಿದ್ರೆ ಲೈವ್ ನಡೀತಿರುವಾಗ್ಲೇ ಅದು ಜಾಹೀರಾತು ಅಂತ ಆಗಾಗ ತೋರಿಸ್ತಿರಿ, ನಡುವೆ ಬಂದವರಿಗೂ ಗೊತ್ತಾಗಲಿ. ಹಣ ಕಟ್ಟಿ ಆಡೋ ಆ್ಯಪ್‌ಗಳ ಪ್ರಚಾರ ಮಾತ್ರ ಬೇಡವೇ ಬೇಡ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ಇಂಥ ಜಾಹೀರಾತಿಗೆ 2 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ.

[ಸ್ಕ್ರೀನ್ ಮೇಲೆ: ಆಡ್‌ಸೆನ್ಸ್ ಪುಟ]

ಇನ್ನು ಯೂಟ್ಯೂಬ್ ಹಣ ಬ್ಯಾಂಕಿಗೆ ಬರೋ ದಾರಿ. ಅದು ಬರೋದು ಆಡ್‌ಸೆನ್ಸ್ ಅನ್ನೋ ಗೂಗಲ್ ಖಾತೆಯ ಮೂಲಕ. ಗಳಿಕೆ 10 ಡಾಲರ್ ಮುಟ್ಟಿದಾಗ ವಿಳಾಸ ಖಚಿತಪಡಿಸೋ ಪಿನ್ ಅಂಚೆಯಲ್ಲಿ ಬರುತ್ತೆ. ಹಳ್ಳಿ ವಿಳಾಸವಾದ್ರೆ ಅಂಚೆ ಕಚೇರಿ ಹೆಸರು, ಪಿನ್‌ಕೋಡ್ ಸರಿಯಾಗಿ ಬರೀರಿ. 100 ಡಾಲರ್ ಆದ ಮೇಲೆ, ಮುಂದಿನ ತಿಂಗಳ 21ರಿಂದ 26ರೊಳಗೆ ಹಣ ಕಳಿಸ್ತಾರೆ.

ಅದಕ್ಕೂ ಮುಂಚೆ ಅಮೆರಿಕದ ತೆರಿಗೆ ಫಾರಂ ತುಂಬಿಬಿಡಿ. ತುಂಬದಿದ್ರೆ ನಿಮ್ಮ ಒಟ್ಟು ಗಳಿಕೆಯಲ್ಲೇ 24%ವರೆಗೆ ಹಿಡಿಯಬಹುದು. ತುಂಬಿ, ಭಾರತದ ತೆರಿಗೆ ಒಪ್ಪಂದದ ಲಾಭ ಕೇಳಿದ್ರೆ 15%, ಅದೂ ಅಮೆರಿಕದ ವೀಕ್ಷಕರಿಂದ ಬಂದ ಭಾಗಕ್ಕೆ ಮಾತ್ರ. ಆಡ್‌ಸೆನ್ಸ್‌ನಲ್ಲೇ ಬ್ಯಾಂಕಿನ ಸ್ವಿಫ್ಟ್ ಕೋಡ್, ಅಂದ್ರೆ ವಿದೇಶದಿಂದ ಹಣ ಬರೋಕೆ ಬೇಕಾದ ಕೋಡ್, ಕೇಳುತ್ತೆ. ಸಣ್ಣ ಊರಿನ ಎಷ್ಟೋ ಶಾಖೆಗಳಿಗೆ ಅದು ಇರಲ್ಲ, ನಿಮ್ಮ ಬ್ಯಾಂಕಿನ ಯಾವ ಶಾಖೆಯ ಕೋಡ್ ಹಾಕಬೇಕು ಅಂತ ಮ್ಯಾನೇಜರ್ ಹತ್ರ ಬರೆಸಿಕೊಂಡು ಬನ್ನಿ.