ಯೂಲಾಲಿ ಮ್ಯಾಂಡೆವಿಲ್ ಅವರ ಜವಳಿ ವ್ಯಾಪಾರ

ಕೇಳುಗರಿಗೆ ನಮಸ್ಕಾರ.

ಇವತ್ತು ಒಬ್ಬ ವ್ಯಾಪಾರಸ್ಥ ಹೆಣ್ಣುಮಗಳ ಬಗ್ಗೆ ಮಾತಾಡಬೇಕು ಅಂತಿದ್ದೇನೆ. ಹೆಸರು ಯೂಲಾಲಿ ಮ್ಯಾಂಡೆವಿಲ್. ಊರು ಅಮೆರಿಕದ ಲೂಯಿಸಿಯಾನ ರಾಜ್ಯದ ನ್ಯೂ ಆರ್ಲಿಯನ್ಸ್. ಮಿಸಿಸಿಪ್ಪಿ ನದಿಯ ದಂಡೆಯ ದೊಡ್ಡ ಬಂದರು ಅದು. ಆಕೆ ಬದುಕಿದ್ದ ಕಾಲದಲ್ಲಿ ಅಲ್ಲಿ ಮನುಷ್ಯರನ್ನು ಸಂತೆಯಲ್ಲಿ ನಿಲ್ಲಿಸಿ ಮಾರುತ್ತಿದ್ದರು. ಯೂಲಾಲಿ ಆಫ್ರಿಕದ ರಕ್ತ ಇದ್ದವರು. ಆದರೆ ಗುಲಾಮರಲ್ಲ, ಸ್ವತಂತ್ರರು. ಸ್ವಂತ ವ್ಯಾಪಾರ ಇತ್ತು, ಬ್ಯಾಂಕಿನಲ್ಲಿ ಸ್ವಂತ ಹಣ ಇತ್ತು.

ಆ ಹಣವೇ ಜಗಳಕ್ಕೆ ಕಾರಣವಾಯಿತು. 1845ರಲ್ಲಿ ಯೂಜೀನ್ ಮಕಾರ್ಟಿ ಎಂಬ ಬಿಳಿಯ ಗೃಹಸ್ಥರು ತೀರಿಕೊಂಡರು. ಯೂಲಾಲಿ ಮತ್ತು ಅವರು 1796ರಿಂದ ಜೊತೆಯಾಗಿ ಸಂಸಾರ ಮಾಡಿದ್ದರು. ಮಕ್ಕಳೂ ಆಗಿದ್ದರು. ಮದುವೆ ಮಾತ್ರ ಆಗಿರಲಿಲ್ಲ. ಬಿಳಿಯರೂ ಸ್ವತಂತ್ರ ವರ್ಣೀಯರೂ, ಅಂದರೆ ಯೂಲಾಲಿಯವರ ಹಾಗೆ ಆಫ್ರಿಕದ ರಕ್ತವಿದ್ದು ಗುಲಾಮರಲ್ಲದವರೂ, ಮದುವೆಯಾಗುವುದನ್ನು ಅಲ್ಲಿನ ಕಾನೂನು ಒಪ್ಪುತ್ತಿರಲಿಲ್ಲ. ಯೂಜೀನ್ ಹೋದ ಮೇಲೆ ಅವರ ಕಡೆಯ ನೆಂಟರು ಕೋರ್ಟಿಗೆ ಹೋದರು. ಈ ಹೆಂಗಸಿನ ಹೆಸರಿನಲ್ಲಿರುವ ದುಡ್ಡು ಇವಳು ದುಡಿದದ್ದಲ್ಲ, ಅವನು ಗುಟ್ಟಾಗಿ ಕೊಟ್ಟದ್ದು, ಅದು ನಮಗೆ ಸೇರಬೇಕು ಅಂತ ವಾದ ಹೂಡಿದರು. ಮೊತ್ತ ಒಂದು ಲಕ್ಷ ಡಾಲರಿಗಿಂತ ಜಾಸ್ತಿ. ಆ ಕಾಲಕ್ಕೆ ಅದು ಎಷ್ಟು ದೊಡ್ಡ ಆಸ್ತಿ ಅಂತ ನೀವೇ ಯೋಚಿಸಿ.

ಈ ವಾದಕ್ಕೆ ಕಾನೂನಿನ ಬಲವೂ ಇತ್ತು. ಮದುವೆಯಿಲ್ಲದೆ ಕೂಡಿ ಬಾಳಿದವರು ಒಬ್ಬರಿಗೊಬ್ಬರು ಜಮೀನು, ಮನೆ ದಾನ ಕೊಡುವ ಹಾಗಿರಲಿಲ್ಲ. ಹಣ, ಒಡವೆಯಂಥ ಚರಾಸ್ತಿಯನ್ನೂ ತಮ್ಮ ಒಟ್ಟು ಆಸ್ತಿಯ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಕೊಡುವಂತಿರಲಿಲ್ಲ. ಹಾಗಾಗಿ ಯೂಲಾಲಿ ತೋರಿಸಬೇಕಾದದ್ದು ಒಂದೇ. ಇದು ನನ್ನ ದುಡಿಮೆ ಅಂತ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗೋಣ. ಲೂಯಿಸಿಯಾನ ಮೊದಲು ಫ್ರೆಂಚರ ಕೈಯಲ್ಲಿತ್ತು. 1763ರ ಆಸುಪಾಸಿನಲ್ಲಿ ಸ್ಪೇನಿಗೆ ಹೋಯಿತು. 1803ರಲ್ಲಿ ಅಮೆರಿಕ ಅದನ್ನು ಕೊಂಡುಕೊಂಡಿತು. ಸ್ಪೇನಿನವರ ಕಾಲದಲ್ಲಿ ಒಂದು ಪದ್ಧತಿ ಇತ್ತು. ಗುಲಾಮರು ತಮ್ಮ ಬೆಲೆ ಗೊತ್ತುಮಾಡಿಸಿಕೊಂಡು, ಆ ಹಣ ಕೂಡಿಸಿ, ಒಡೆಯನಿಗೆ ಕೊಟ್ಟು ಬಿಡುಗಡೆ ಪಡೆಯಬಹುದಿತ್ತು. ಬಹಳ ಮಂದಿ, ಅದರಲ್ಲೂ ಹೆಂಗಸರು, ತರಕಾರಿ, ತಿಂಡಿ, ಕೈಕೆಲಸದ ಸಾಮಾನು ಮಾರಿ ಹೀಗೆ ಹೊರಬಂದರು. ಇನ್ನು ಕೆಲವರು ಬಿಳಿಯ ತಂದೆ ಬಿಡುಗಡೆ ಮಾಡಿದ ಮಕ್ಕಳು. ಹೈಟಿಯಲ್ಲಿ ಗುಲಾಮರು ಎದ್ದ ಕ್ರಾಂತಿಯಿಂದ ಓಡಿ ಕ್ಯೂಬಾದಲ್ಲಿ ನೆಲೆಸಿದ್ದವರು 1809ರಲ್ಲಿ ಅಲ್ಲಿಂದಲೂ ಹೊರಡಬೇಕಾಗಿ ನ್ಯೂ ಆರ್ಲಿಯನ್ಸಿಗೆ ಬಂದರು. ಅವರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಂದಿ ಸ್ವತಂತ್ರ ವರ್ಣೀಯರು. ಇವರೆಲ್ಲ ಸೇರಿ ಫ್ರೆಂಚ್ ಮಾತಾಡುವ, ಕ್ಯಾಥೊಲಿಕ್ ಧರ್ಮದ ಒಂದು ಸಮಾಜ ಬೆಳೆಯಿತು. ಅವರನ್ನೇ ಸ್ವತಂತ್ರ ವರ್ಣೀಯ ಕ್ರಿಯೋಲರು ಅನ್ನುತ್ತಾರೆ.

ಅವರಿಗೆ ಓಟು ಇರಲಿಲ್ಲ. ಆದರೆ ಆಸ್ತಿ ಕೊಳ್ಳಬಹುದಿತ್ತು, ಮಾರಬಹುದಿತ್ತು, ಸಾಲ ಕೊಡಬಹುದಿತ್ತು, ಕೋರ್ಟಿನಲ್ಲಿ ದಾವೆ ಹಾಕಬಹುದಿತ್ತು. ಇದೇ ಅವರಿಗಿದ್ದ ನೆಲೆ. ಎಲ್ಲ ವ್ಯವಹಾರ ನೋಟರಿಯ ಮುಂದೆ ಬರಹಕ್ಕೆ ಇಳಿಯುತ್ತಿತ್ತು. ಪ್ರತಿ ಪತ್ರದಲ್ಲೂ ಹೆಸರಿನ ಪಕ್ಕ "ಸ್ವತಂತ್ರ ವರ್ಣೀಯ ಮಹಿಳೆ" ಅಂತ ಬರೆಯಲೇಬೇಕು ಎಂದು 1808ರ ಕಾನೂನು ಹೇಳಿತು. ಮನೆ ಕೊಂಡರೂ ಅಷ್ಟೇ, ಮಾರಿದರೂ ಅಷ್ಟೇ. ಆ ಗುರುತು ಅವಮಾನವೇ. ಆದರೂ ಅದೇ ಕಾಗದ ಅವರ ಸೊತ್ತನ್ನು ಕಾಯುತ್ತಿತ್ತು.

ಯೂಲಾಲಿಯವರ ತಂದೆ ಮ್ಯಾರಿನ್ಯಿ ಮನೆತನದವರು. ಊರಿನ ಅತಿ ಶ್ರೀಮಂತ ಫ್ರೆಂಚ್ ಕುಟುಂಬಗಳಲ್ಲಿ ಅದೂ ಒಂದು. ಹಾಗಂತ ಆಕೆ ಅದನ್ನೇ ನೆಚ್ಚಿಕೊಂಡು ಕೂರಲಿಲ್ಲ. ಜವಳಿ ವ್ಯಾಪಾರಕ್ಕೆ ಇಳಿದರು. ಹೊರದೇಶದ ಸರಕು ಹಡಗಿನಲ್ಲಿ ತರಿಸುವುದು, ದಾಸ್ತಾನು ಇಡುವುದು, ಆಮೇಲೆ ಅದನ್ನು ಒಳನಾಡಿನ ತೋಟಗಳಿಗೂ ಹಳ್ಳಿಗಳಿಗೂ ಕಳಿಸಿ ಚಿಲ್ಲರೆಯಾಗಿ ಮಾರಿಸುವುದು. ಸಕ್ಕರೆ ತೋಟ, ಹತ್ತಿ ತೋಟಗಳ ಜನ ನೂಲಿಗೆ, ಬಟ್ಟೆಗೆ ಅಂತ ಊರಿಗೆ ಬರುವುದು ಕಷ್ಟ. ದಾರಿಯೆಲ್ಲ ನದಿ, ಕಾಲುವೆ, ಜೌಗು. ಅಂಗಡಿಯೇ ಅವರ ಬಾಗಿಲಿಗೆ ಹೋದರೆ ವ್ಯಾಪಾರ ಆಗುತ್ತದೆ. ಈ ಲೆಕ್ಕ ಆಕೆಗೆ ಚೆನ್ನಾಗಿ ಗೊತ್ತಿತ್ತು. ಬಂದ ಲಾಭವನ್ನು ಸಾಲವಾಗಿ ಕೊಟ್ಟು, ಹುಂಡಿಗಳನ್ನು, ಅಂದರೆ ಮುಂದೆ ಹಣ ಕೊಡುತ್ತೇವೆ ಎಂಬ ಪತ್ರಗಳನ್ನು, ಬೆಲೆ ಮುರಿದು ಕೊಂಡು, ದುಡ್ಡನ್ನು ಮತ್ತೆ ದುಡಿಸಿದರು.

ಬಟ್ಟೆ ಅಂದ ಕೂಡಲೇ ಒಂದು ಮಾತು. ಆ ಸೀಮೆಯ ಕ್ರಿಯೋಲ್ ಹೆಂಗಸರು ತಲೆಗೆ ಕಟ್ಟುತ್ತಿದ್ದ ಚೌಕಳಿ ವಸ್ತ್ರಕ್ಕೆ ಮದ್ರಾಸ್ ಅಂತಲೇ ಹೆಸರು. ನಮ್ಮ ಪಕ್ಕದ ಮದ್ರಾಸ್ ಕರಾವಳಿಯ ನೇಕಾರರು ನೇಯ್ದ ಬಟ್ಟೆಯಿಂದ ಬಂದ ಹೆಸರು ಅದು. ವರ್ಣೀಯ ಹೆಂಗಸರು ತಲೆಗೂದಲು ಮುಚ್ಚಿ ಬಟ್ಟೆ ಕಟ್ಟಬೇಕು ಅಂತ 1786ರಲ್ಲಿ ಸ್ಪೇನಿನ ಗವರ್ನರ್ ಮಿರೋ ಆಜ್ಞೆ ಹೊರಡಿಸಿದ್ದ. ಅವರನ್ನು ಕೀಳು ಅಂತ ತೋರಿಸುವುದಕ್ಕೆ ಮಾಡಿದ ಆಜ್ಞೆ. ಹೆಂಗಸರು ಅದಕ್ಕೇ ಬಣ್ಣಬಣ್ಣದ ಒಳ್ಳೆಯ ಬಟ್ಟೆ ಆರಿಸಿ, ಅಂದವಾಗಿ ಸುತ್ತಿ, ಅದನ್ನೇ ತಮ್ಮ ಶೃಂಗಾರ ಮಾಡಿಕೊಂಡರು.

ಈಗ ಹೇಳಲೇಬೇಕಾದ ಇನ್ನೊಂದು ವಿಷಯ. ಯೂಲಾಲಿಯವರ ಸರಕನ್ನು ಹೊತ್ತು ಊರೂರು ತಿರುಗಿ ಮಾರಿದವರು ಯಾರು? ಗುಲಾಮರು. ಆಕೆ ಕೊಂಡುಕೊಂಡ ಗುಲಾಮರು, ಹೆಚ್ಚಾಗಿ ಹೆಂಗಸರು. ಗಿರಾಕಿಗಳ ಜೊತೆ ಮಾತಾಡಿ, ಅಳತೆ ಮಾಡಿ, ಹಣ ಎಣಿಸಿ ತಂದು ಒಪ್ಪಿಸಿದವರು ಅವರು. ಲಾಭ ಅವರದಾಗಿರಲಿಲ್ಲ. ಅವರ ದೇಹವೂ ಅವರದಾಗಿರಲಿಲ್ಲ. ಯೂಲಾಲಿ ಒಬ್ಬರೇ ಹೀಗೆ ಅಲ್ಲ. ಉಳ್ಳವರಾದ ಸ್ವತಂತ್ರ ಕ್ರಿಯೋಲರಲ್ಲಿ ಅನೇಕರು ಗುಲಾಮರನ್ನು ಇಟ್ಟುಕೊಂಡಿದ್ದರು. ಕೆಲವರು ತಮ್ಮ ತಾಯಿ, ಮಕ್ಕಳು, ಬಂಧುಗಳನ್ನು ಬಿಡಿಸುವುದಕ್ಕಾಗಿ ಕೊಂಡರು, ನಿಜ. ಆದರೆ ವ್ಯಾಪಾರಕ್ಕಾಗಿ, ದುಡಿಮೆಗಾಗಿ ಕೊಂಡವರೂ ಇದ್ದರು. ಆ ಕಾಲ ಹಾಗಿತ್ತು ಅಂತ ಇದನ್ನು ದಾಟಿಸಿ ಹೋಗುವುದು ನನ್ನಿಂದ ಆಗದು. ಆ ಹೊರೆ ಹೊತ್ತ ಹೆಂಗಸರಿಗೂ ಅದೇ ಕಾಲ ಅಲ್ವಾ? ಆಕೆಯ ಜಾಣತನವನ್ನು ಹೊಗಳುವ ಪ್ರತಿ ಮಾತಿನಲ್ಲೂ ಅವರ ಪಾಲು ಇದೆ.

ಕೋರ್ಟಿನ ಮಾತಿಗೆ ಬರೋಣ. ಕೇಸು ರಾಜ್ಯದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1848ರಲ್ಲಿ ತೀರ್ಪು ಬಂತು. ಯೂಲಾಲಿ ಗೆದ್ದರು. ಆಕೆ ಬಹಳ ವರ್ಷ ವ್ಯಾಪಾರ ಮಾಡಿದ್ದರು, ಮಿತವ್ಯಯದಿಂದ ಬದುಕಿದ್ದರು, ಆ ಹಣ ಆಕೆಯದೇ ದುಡಿಮೆಯ ಫಲ ಅನ್ನುವುದನ್ನು ಕೋರ್ಟು ಒಪ್ಪಿತು. ಇವರ ಸಂಬಂಧ ಮದುವೆಗೆ ಅತಿ ಹತ್ತಿರವಾದದ್ದು, ಆಕೆಯ ಮನೆಯವರ ಒಪ್ಪಿಗೆಯೂ ಅದಕ್ಕೆ ಇತ್ತು ಅಂತಲೂ ನ್ಯಾಯಾಧೀಶರು ಹೇಳಿದರು. ಅದೇ ವರ್ಷ ಯೂಲಾಲಿ ತೀರಿಕೊಂಡರು. ಇಷ್ಟು ವರ್ಷ ಕಟ್ಟಿದ ವ್ಯಾಪಾರ ತನ್ನದು ಅಂತ ಆಕೆ ವಯಸ್ಸಾದ ಮೇಲೆ ಕೋರ್ಟಿನಲ್ಲಿ ತೋರಿಸಿಕೊಡಬೇಕಾಯಿತು. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಇಂಥ ವ್ಯಾಪಾರಿಗಳು ಆ ಊರಿನಲ್ಲಿ ಇನ್ನೂ ಇದ್ದರು. ರೊಜೆಟ್ ರೋಶೋನ್ ದಿನಸಿ ಅಂಗಡಿ ನಡೆಸಿದರು, ಅಡಮಾನದ ಮೇಲೆ ಸಾಲ ಕೊಟ್ಟರು. 1806ರಲ್ಲಿ ಫೋಬೂರ್ ಮ್ಯಾರಿನ್ಯಿ ಎಂಬ ಹೊಸ ಬಡಾವಣೆಯಲ್ಲಿ ನಿವೇಶನ ಕೊಂಡರು. 1810ರಲ್ಲಿ ಹುಟ್ಟಿದ ಟೋಮಿ ಲಫೋನ್ ಓರ್ಲಿಯನ್ಸ್ ಬೀದಿಯಲ್ಲಿ ಸಣ್ಣ ಅಂಗಡಿ ಇಟ್ಟಿದ್ದರು. ಮುಂದೆ ಸಾಲ, ಜಮೀನು ವ್ಯವಹಾರದಲ್ಲಿ ತುಂಬಾ ಗಳಿಸಿದರು. ಅದರಲ್ಲಿ ಬಹಳಷ್ಟು ಅನಾಥಾಲಯಗಳಿಗೆ, ವೃದ್ಧರಿಗೆ, ಶಾಲೆಗಳಿಗೆ ಹೋಯಿತು.

ಆದರೆ ಸರ್ಕಾರದ ಹಿಡಿತ ವರ್ಷ ವರ್ಷ ಬಿಗಿಯಾಗುತ್ತಿತ್ತು. 1830ರಲ್ಲಿ ಬಂದ ಕಾನೂನು, 1825ರ ನಂತರ ರಾಜ್ಯಕ್ಕೆ ಬಂದ ಸ್ವತಂತ್ರ ವರ್ಣೀಯರು ಹೊರಟುಹೋಗಬೇಕು ಅಂದಿತು. 1850ರ ದಶಕದಲ್ಲಿ ಕಾಫಿ ಹೌಸ್, ಬಿಲಿಯರ್ಡ್ಸ್, ಮದ್ಯ ಮಾರುವ ಅಂಗಡಿಗಳ ಲೈಸೆನ್ಸ್ ಅವರಿಗೆ ಸಿಗದ ಹಾಗೆ ಮಾಡಿದರು. ದಿನಸಿ ಅಂಗಡಿಯಲ್ಲಿ ಅಕ್ಕಿ, ಎಣ್ಣೆಯ ಜೊತೆ ಮದ್ಯವೂ ಇರುತ್ತಿದ್ದ ಊರು ಅದು. ಅದನ್ನು ಕಿತ್ತುಕೊಂಡರೆ ಸಣ್ಣ ಅಂಗಡಿ ನಿಲ್ಲುವುದು ಕಷ್ಟ. 1857ರಲ್ಲಿ ಗುಲಾಮರ ಬಿಡುಗಡೆಯನ್ನೇ ನಿಷೇಧಿಸಿದರು. 1860ರ ಜನಗಣತಿಯಲ್ಲಿ ಲೂಯಿಸಿಯಾನದ ಗುಲಾಮರು 3,31,726, ಸ್ವತಂತ್ರ ವರ್ಣೀಯರು 18,647.

ಆಮೇಲೆ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಬಂತು. 1864ರಲ್ಲಿ ರಾಜ್ಯದ ಹೊಸ ಸಂವಿಧಾನ ಗುಲಾಮಗಿರಿಯನ್ನು ತೆಗೆದುಹಾಕಿತು. 1868ರ ಮತ್ತೊಂದು ಸಂವಿಧಾನ ಬರೆಯಲು 1867ರ ಕೊನೆಯಲ್ಲಿ ಸಭೆ ಸೇರಿತು. ಸದಸ್ಯರಲ್ಲಿ ಸುಮಾರು ಅರ್ಧದಷ್ಟು ಮಂದಿ ಕರಿಯರು. ಯುದ್ಧಕ್ಕೆ ಮೊದಲೇ ಸ್ವತಂತ್ರರಾಗಿದ್ದ ಕ್ರಿಯೋಲರೂ ಅವರಲ್ಲಿದ್ದರು. ಆ ಸಂವಿಧಾನದ 13ನೇ ವಿಧಿಯಲ್ಲಿ ಅವರು ಬರೆಸಿದ್ದು ಇದು: ಸರ್ಕಾರದ ಲೈಸೆನ್ಸ್ ಬೇಕಾಗುವ ಪ್ರತಿ ವ್ಯಾಪಾರದ ಜಾಗವೂ ಜನಾಂಗ, ಬಣ್ಣದ ಭೇದವಿಲ್ಲದೆ ಎಲ್ಲರಿಗೂ ತೆರೆದಿರಬೇಕು.

ನಮಸ್ಕಾರ.