ಆಯುಕ್ತರ ಅವಧಿಗೆ ನಡುವೆ ಕತ್ತರಿ ಹಾಕಬಹುದಾ?

ನಮಸ್ಕಾರ. 2020ರ ಏಪ್ರಿಲ್ 10ನೇ ತಾರೀಖು ನೆನಪು ಮಾಡಿಕೊಳ್ಳಿ. ಇಡೀ ದೇಶ ಲಾಕ್‌ಡೌನ್‌ನಲ್ಲಿ ಬಾಗಿಲು ಹಾಕಿಕೊಂಡು ಕೂತಿತ್ತು. ಅವತ್ತು ಆಂಧ್ರಪ್ರದೇಶದಲ್ಲಿ ಒಂದು ಸುಗ್ರೀವಾಜ್ಞೆ, ಅಂದರೆ ಸದನ ಸೇರದಿದ್ದಾಗ ತುರ್ತಿಗೆ ತರುವ ತಾತ್ಕಾಲಿಕ ಕಾನೂನು, ಬಂತು. ರಾಜ್ಯ ಚುನಾವಣಾ ಆಯುಕ್ತರ ಅವಧಿ 5 ವರ್ಷ ಇದ್ದದ್ದು 3 ವರ್ಷ ಆಯಿತು. ಆ ಹುದ್ದೆಗೆ ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿಗಳೇ ಬೇಕು ಅಂತಲೂ ಆಯಿತು. ಮತ್ತೆ, ಹೊಸ ನಿಯಮ ಆಗ ಕುರ್ಚಿಯಲ್ಲಿ ಇದ್ದವರಿಗೂ ಅನ್ವಯ.

ಕುರ್ಚಿಯಲ್ಲಿದ್ದವರು ಎನ್. ರಮೇಶ್ ಕುಮಾರ್, ನಿವೃತ್ತ ಐಎಎಸ್ ಅಧಿಕಾರಿ. ಅವರು ಅಧಿಕಾರ ವಹಿಸಿಕೊಂಡು 4 ವರ್ಷ ದಾಟಿತ್ತು. ಅಂದರೆ ಅವತ್ತೇ ಅವರ ಕೆಲಸ ಹೋಯಿತು. ಮಾರನೇ ದಿನ ಅವರ ಜಾಗಕ್ಕೆ ಬೇರೆಯವರು ಬಂದರು.

[ಪರದೆ ಮೇಲೆ: 2020ರ ಮಾರ್ಚ್ ಕ್ಯಾಲೆಂಡರ್, 15ನೇ ತಾರೀಖಿಗೆ ಕೆಂಪು ಗುರುತು]

ಒಂದು ತಿಂಗಳು ಹಿಂದೆ ಹೋಗೋಣ. ಅಲ್ಲಿ ಸ್ಥಳೀಯ ಸಂಸ್ಥೆಗಳ ಮತದಾನ ಮಾರ್ಚ್ 21ಕ್ಕೆ ಶುರುವಾಗಬೇಕಿತ್ತು. ಮಾರ್ಚ್ 15ರಂದು ಆಯುಕ್ತರು ಕೊರೊನಾ ಕಾರಣ ಕೊಟ್ಟು ಅದನ್ನು 6 ವಾರ ಮುಂದಕ್ಕೆ ಹಾಕಿದರು. ಮುಖ್ಯಮಂತ್ರಿ ಜಗನ್ ಮೋಹನ್ ರೆಡ್ಡಿ ಪತ್ರಿಕಾಗೋಷ್ಠಿ ಕರೆದು ಆಯುಕ್ತರ ಮೇಲೆ ಪಕ್ಷಪಾತದ ಆರೋಪ ಮಾಡಿದರು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಚುನಾವಣೆ ಮುಂದೂಡಿದ್ದರಲ್ಲಿ ಕೋರ್ಟ್ ಕೈ ಹಾಕಲಿಲ್ಲ. ಆದರೆ ಮುಂದಿನ ದಿನಾಂಕ ಹಾಕೋ ಮುಂಚೆ ಸರ್ಕಾರದ ಜೊತೆ ಮಾತಾಡಿ ಅಂತ ಆಯೋಗಕ್ಕೂ ಹೇಳಿತು. ಇದಾಗಿ ಮೂರೇ ವಾರಕ್ಕೆ ಆ ಸುಗ್ರೀವಾಜ್ಞೆ.

ಇಲ್ಲಿ ಒಂದು ಗೊಂದಲ ಬಿಡಿಸಿಬಿಡುತ್ತೇನೆ, ಯಾಕೆಂದರೆ ಜಾಸ್ತಿ ಜನ ಇಲ್ಲೇ ಎಡವುತ್ತಾರೆ. ಲೋಕಸಭೆ, ವಿಧಾನಸಭೆ ಚುನಾವಣೆ ನಡೆಸೋದು ದೆಹಲಿಯಲ್ಲಿರುವ ಭಾರತ ಚುನಾವಣಾ ಆಯೋಗ. ಗ್ರಾಮ ಪಂಚಾಯಿತಿಯಿಂದ ಹಿಡಿದು ಮಹಾನಗರ ಪಾಲಿಕೆವರೆಗೆ ನಡೆಸೋದು ಆಯಾ ರಾಜ್ಯದ ಚುನಾವಣಾ ಆಯೋಗ. ಇವೆರಡೂ ಬೇರೆ ಬೇರೆ. ಈ ಎರಡನೆಯದು ಬಂದದ್ದು 1992ರ 73 ಮತ್ತು 74ನೇ ತಿದ್ದುಪಡಿಯಿಂದ, ಸಂವಿಧಾನದ 243ಕೆ ವಿಧಿಯಲ್ಲಿ.

ಆ ವಿಧಿ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಹಿಡಿದುಕೊಳ್ಳುತ್ತದೆ. ಆಯುಕ್ತರ ಅವಧಿ ಎಷ್ಟು ಅನ್ನೋದನ್ನು ರಾಜ್ಯವೇ ಕಾನೂನು ಮಾಡಿ, ರಾಜ್ಯಪಾಲರ ನಿಯಮದ ಮೂಲಕ ತೀರ್ಮಾನಿಸಬಹುದು. ಆದರೆ ಒಮ್ಮೆ ನೇಮಕ ಆದ ಮೇಲೆ ಅವರನ್ನು ತೆಗೆಯಬೇಕಾದರೆ ಹೈಕೋರ್ಟ್ ನ್ಯಾಯಮೂರ್ತಿಯನ್ನು ತೆಗೆಯುವ ದಾರಿಯಲ್ಲೇ ತೆಗೆಯಬೇಕು. ಅಂದರೆ ದುರ್ನಡತೆಯೋ ಅಸಾಮರ್ಥ್ಯವೋ ಸಾಬೀತಾಗಬೇಕು, ಸಂಸತ್ತಿನ ಎರಡೂ ಸದನಗಳಲ್ಲಿ ಹಾಜರಿದ್ದು ಮತ ಹಾಕಿದವರ ಮೂರನೇ ಎರಡರಷ್ಟು ಬೆಂಬಲ ಸಿಗಬೇಕು, ಅದು ಒಟ್ಟು ಸದಸ್ಯರ ಅರ್ಧಕ್ಕಿಂತ ಜಾಸ್ತಿಯೂ ಇರಬೇಕು, ಆಮೇಲೆ ರಾಷ್ಟ್ರಪತಿ ಆದೇಶ. ನೇಮಕದ ನಂತರ ಸೇವಾ ಷರತ್ತುಗಳನ್ನೂ ಅವರಿಗೆ ನಷ್ಟ ಆಗುವ ಹಾಗೆ ಬದಲಾಯಿಸುವಂತಿಲ್ಲ.

ಆಂಧ್ರ ಸರ್ಕಾರದ ವಾದ ಏನು ಗೊತ್ತಾ? ನಾವು ಯಾರನ್ನೂ ತೆಗೆದಿಲ್ಲ, ಅವಧಿ ಕಡಿಮೆ ಮಾಡಿದ್ದೇವೆ, ಅವಧಿ ಮುಗಿದಿದೆ. ನನಗೆ ಇದನ್ನು ಒಪ್ಪಲಿಕ್ಕೆ ಆಗೋದೇ ಇಲ್ಲ. ಮುಂದಿನ ಬಾಗಿಲಿಗೆ ಅಷ್ಟು ಭದ್ರವಾದ ಬೀಗ ಹಾಕಿ, ಹಿತ್ತಲ ಬಾಗಿಲು ತೆರೆದಿಟ್ಟರೆ ಆ ಬೀಗ ಯಾಕೆ ಬೇಕು? ಹೈಕೋರ್ಟ್ ಮೇ 29ರಂದು ಸುಗ್ರೀವಾಜ್ಞೆಯನ್ನು ರದ್ದು ಮಾಡಿತು. ಅಷ್ಟು ತುರ್ತಾಗಿ ಅದನ್ನು ತರುವಂಥ ಪರಿಸ್ಥಿತಿಯೂ ಇರಲಿಲ್ಲ ಅಂತ ಹೇಳಿತು. ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಡಲಿಲ್ಲ. ಅಷ್ಟಾದರೂ ರಮೇಶ್ ಕುಮಾರ್ ಮತ್ತೆ ಕುರ್ಚಿಗೆ ಬಂದದ್ದು, ರಾಜ್ಯಪಾಲರು ಸೂಚನೆ ಕೊಟ್ಟ ಮೇಲೆ, ಜುಲೈ ಕೊನೆಗೆ.

[ಸ್ವಲ್ಪ ನಿಲ್ಲಿಸಿ]

ಹಾಗಾದರೆ ಅವಧಿಯನ್ನು ಮುಟ್ಟಲೇಬಾರದಾ? ಮುಟ್ಟಬಹುದು. ಬದಲಾಯಿಸೋದಾದರೆ ಮುಂದೆ ಬರುವವರಿಗೆ ಬದಲಾಯಿಸಿ, ಈಗ ಇರುವವರಿಗೆ ಬೇಡ. ಎಷ್ಟು ವರ್ಷ ಅಂದರೆ, ನನ್ನ ಮತ 5ಕ್ಕೆ. ಪಂಚಾಯಿತಿ ಅವಧಿಯೇ 5 ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನವೇ ಹೇಳುತ್ತದೆ. ಹಾಗಿರುವಾಗ ಆಯುಕ್ತರಿಗೂ 5 ವರ್ಷ ಸಿಕ್ಕರೆ ಪ್ರತಿಯೊಂದು ಚುನಾವಣೆಯೂ ಅವರ ಕೈಯಲ್ಲಿ ಒಮ್ಮೆ ಆಗುತ್ತದೆ. 3 ವರ್ಷ ಕೊಟ್ಟರೆ ಒಂದೂ ದೊಡ್ಡ ಚುನಾವಣೆ ನಡೆಸದೆ ಮನೆಗೆ ಹೋಗುವವರೂ ಇರಬಹುದು. ಅವಧಿ ಚಿಕ್ಕದಾದಷ್ಟೂ, ಇನ್ನೊಂದು ಸಲ ನನ್ನನ್ನೇ ನೇಮಿಸಲಿ ಅನ್ನೋ ಆಸೆಗೂ ಜಾಗ ಜಾಸ್ತಿ. ನೇಮಿಸೋದು ಯಾರು? ಯಾವ ಪಕ್ಷ ಆ ಚುನಾವಣೆಯಲ್ಲಿ ಗೆಲ್ಲಬೇಕು ಅಂತ ನೋಡುತ್ತಿದೆಯೋ ಅದೇ ಪಕ್ಷದ ಸರ್ಕಾರ, ಅಲ್ವಾ?

ಗೋವಾದಲ್ಲಿ ಇನ್ನೊಂದು ತರಹ ಆಗಿತ್ತು. ಸರ್ಕಾರದ ಕಾನೂನು ಕಾರ್ಯದರ್ಶಿಗೇ ಆಯುಕ್ತರ ಕೆಲಸವನ್ನೂ ಹೆಚ್ಚುವರಿಯಾಗಿ ಕೊಟ್ಟಿದ್ದರು. 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿ ನೌಕರಿಯಲ್ಲಿ ಇರುವವರು ಈ ಹುದ್ದೆಯಲ್ಲಿ ಕೂರುವಂತಿಲ್ಲ ಅಂತ ಹೇಳಿತು.

ಇದೆಲ್ಲ ಸುಮ್ನೆ ಕೋರ್ಟ್ ವಿಷಯ ಅಂದುಕೊಳ್ಳಬೇಡಿ. ಆಂಧ್ರದಲ್ಲಿ ಗ್ರಾಮ ಪಂಚಾಯಿತಿಗಳ ಅವಧಿ 2018ರಲ್ಲೇ ಮುಗಿದಿತ್ತು. ಅಷ್ಟು ಕಾಲ ಬೀದಿ ದೀಪ ಕೆಟ್ಟರೂ, ಚರಂಡಿ ಕಟ್ಟಿಕೊಂಡರೂ ಹೋಗಿ ಕೇಳಲಿಕ್ಕೆ ಜನ ಆರಿಸಿದ ಸರಪಂಚರೇ ಇರಲಿಲ್ಲ. ಕೊನೆಗೆ 2021ರ ಫೆಬ್ರವರಿಯಲ್ಲಿ 4 ಹಂತದಲ್ಲಿ ಚುನಾವಣೆ ಆಯಿತು. ಅದನ್ನು ನಡೆಸಿದ್ದು ರಮೇಶ್ ಕುಮಾರ್ ಅವರೇ. ಆಗ ಸರ್ಕಾರ ಚುನಾವಣೆ ಈಗ ಬೇಡ ಅಂದಿತ್ತು, ಸುಪ್ರೀಂ ಕೋರ್ಟ್ ನಿಲ್ಲಿಸಲು ಒಪ್ಪಲಿಲ್ಲ. ಮಾರ್ಚ್ 31ಕ್ಕೆ, ತಮ್ಮ 5 ವರ್ಷ ತುಂಬಿದ ದಿನ, ಅವರು ನಿವೃತ್ತರಾದರು.