ಹೊಗೆ ನೋಡಿ, ಸ್ಪ್ಯಾನರ್ ಆಮೇಲೆ ಹಿಡಿಯಿರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಹೋದ ವರ್ಷ ಮಳೆಗಾಲ ಮುಗಿದ ಹೊಸತರಲ್ಲಿ ಒಂದು ದಿನ. ಹಾಸನದ ನಮ್ಮ ಗ್ಯಾರೇಜಿನ ಶಟರ್ ಇನ್ನೂ ಅರ್ಧ ಎತ್ತಿದ್ದೆ, ಒಂದು ಡೀಸೆಲ್ ಪಿಕಪ್ ಬಂದು ನಿಂತಿತು. ಮಂಗಳೂರಿನಿಂದ ಹೆಂಚು ತುಂಬಿಕೊಂಡು ರಾತ್ರಿಯೆಲ್ಲ ಶಿರಾಡಿ ಘಾಟಿ ಹತ್ತಿ ಬಂದ ಗಾಡಿ. ಹಿಂದಿನ ನಂಬರ್ ಪ್ಲೇಟಿಗೆ ಮಸಿ ಮೆತ್ತಿಕೊಂಡು ನಂಬರೇ ಕಾಣುತ್ತಿರಲಿಲ್ಲ. ಡ್ರೈವರ್ ಹುಡುಗ ಇಳಿದವನೇ, "ಅಣ್ಣ, ಗುಂಡ್ಯ ಬಿಟ್ಟ ಮೇಲೆ ಬರೀ ಸೆಕೆಂಡ್ ಗೇರು. ಎಳೀತಾನೇ ಇಲ್ಲ, ಕರೀ ಹೊಗೆ. ಒಂದು ಕಡೆ ತೋರಿಸ್ದೆ. ಪಂಪೂ ಹೋಗಿದೆ, ಟರ್ಬೋನೂ ಹೋಗಿದೆ, ಎರಡೂ ಇಳಿಸ್ಬೇಕು ಅಂದವ್ರೆ" ಅಂದ. ಎಷ್ಟಾಗುತ್ತದಂತೆ ಅಂತ ಕೇಳಿದೆ. ಬಾಯಲ್ಲಿ ಹೇಳಲಿಲ್ಲ, ಮೊಬೈಲಿನಲ್ಲಿ ಒತ್ತಿ ತೋರಿಸಿದ.

ಬಾನೆಟ್ ಎತ್ತಿ ಟಾರ್ಚ್ ಬಿಟ್ಟೆ. ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೋದಿಂದ, ಆ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್‌ಗೆ ಒಂದು ದಪ್ಪ ರಬ್ಬರ್ ಹೋಸ್ ಹೋಗುತ್ತದೆ. ಮೇಲಿನಿಂದ ನೋಡಿದರೆ ಹೊಸದರ ಹಾಗೇ ಇತ್ತು. ಆದರೆ ಅದರ ಕೆಳಗೆ ಛಾಸಿಯ ಮೇಲೆ ಅಂಗೈ ಅಗಲದಷ್ಟು ಜಾಗದಲ್ಲಿ ಎಣ್ಣೆ ಜಿಡ್ಡಿಗೆ ಧೂಳು ಅಂಟಿ ಕಪ್ಪಗಾಗಿತ್ತು. ಬೇರೆಲ್ಲೂ ಹಾಗಿರಲಿಲ್ಲ. ಹೋಸಿನ ತಳಕ್ಕೆ ಬೆರಳು ಹಾಕಿ ಸವರಿದರೆ ಎರಡು ಇಂಚು ಉದ್ದದ ಸೀಳು ಸಿಕ್ಕಿತು. ಗಾಡಿ ಸುಮ್ಮನೆ ನಿಂತು ಓಡುವಾಗ ಆ ಸೀಳು ತುಟಿ ಮುಚ್ಚಿಕೊಂಡಿರುತ್ತದೆ. ಲೋಡ್ ಬಿದ್ದು ಟರ್ಬೋ ಗಾಳಿ ಒತ್ತಿದಾಗ ಬಾಯಿ ಬಿಡುತ್ತದೆ. ಎಂಜಿನ್ನಿಗೆ ಹೋಗಬೇಕಾದ ಗಾಳಿ ರಸ್ತೆಗೆ ಹೋಗುತ್ತದೆ. ಹೊಸ ಹೋಸ್, ಎರಡು ಕ್ಲಾಂಪ್. ಹುಡುಗ ಪಕ್ಕದ ಹೋಟೆಲಿನಲ್ಲಿ ಇಡ್ಲಿ ತಿಂದು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು.

ಇದರಲ್ಲಿ ನನ್ನ ಜಾಣತನವೇನೂ ಇಲ್ಲ. ಆ ಇನ್ನೊಂದು ಗ್ಯಾರೇಜಿನವರು ಒಳಗಿನಿಂದ ಶುರು ಮಾಡಿದ್ದರು, ನಾನು ಹೊರಗಿನಿಂದ ಶುರು ಮಾಡಿದೆ, ಅಷ್ಟೆ. ಹಳೇ ಪಿಕಪ್ ಇಟ್ಟುಕೊಂಡು ಶುಂಠಿ, ಆಲೂಗಡ್ಡೆ, ತೆಂಗಿನಕಾಯಿ ಸಾಗಿಸುವ ಮಾಲೀಕರಿಗೆ ನಾನು ಹೇಳುವುದು ಇಷ್ಟು: ಐವತ್ತು ರೂಪಾಯಿಯ ಸಾಮಾನು ನೋಡಿ ಮುಗಿಸದೆ ಐವತ್ತು ಸಾವಿರದ ಸಾಮಾನಿಗೆ ಕೈ ಹಾಕಲು ಯಾರಿಗೂ ಬಿಡಬೇಡಿ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸಲು ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಪಿಸ್ಟನ್ ಮೇಲೆ ಬಂದು ಗಾಳಿಯನ್ನು ಹದಿನೇಳು ಹದಿನೆಂಟನೇ ಒಂದು ಪಾಲಿಗೆ ಅದುಮುತ್ತದೆ. ಸೈಕಲ್ ಪಂಪು ಹೊಡೆಯುವಾಗ ಅದರ ತುದಿ ಕೈಗೆ ಬಿಸಿಯಾಗುತ್ತದಲ್ಲ, ಅದೇ ಸಂಗತಿ. ಇಲ್ಲಿ ಶಾಖ 500 ಡಿಗ್ರಿ ದಾಟುತ್ತದೆ. ಆ ಬಿಸಿಗಾಳಿಗೆ ನಾಸಲ್ ಡೀಸೆಲ್ಲನ್ನು ಮಂಜಿನಂತೆ ಊದಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ ಎಂಬಾತ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಇದನ್ನು ಓಡಿಸಿ ತೋರಿಸಿದ. ಮೂರು ವರ್ಷದ ಮೇಲೆ ಪ್ಯಾರಿಸ್ಸಿನ ವಸ್ತುಪ್ರದರ್ಶನದಲ್ಲಿ ಇಂಥದ್ದೊಂದು ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತಂತೆ. ಈಗಿನ ಎಣ್ಣೆ ರೇಟಿಗೆ ಅದು ಬಜ್ಜಿಗೇ ಸಾಲದು, ಬಿಡಿ.

ಹಾಗಾದರೆ ಬೇಕಾದ್ದು ಮೂರು. ಸಾಕಷ್ಟು ಗಾಳಿ ಬರಬೇಕು, ಅದುಮಿದ ಗಾಳಿ ಸೋರಬಾರದು, ಡೀಸೆಲ್ ಮಂಜಾಗಿ ಬೀಳಬೇಕು. ಇವುಗಳಲ್ಲಿ ಯಾವುದು ಕೆಟ್ಟರೂ ಸೈಲೆನ್ಸರ್ ಚಾಡಿ ಹೇಳುತ್ತದೆ.

ಕಪ್ಪು ಹೊಗೆ ಎಂದರೆ ಗಾಳಿಗಿಂತ ಡೀಸೆಲ್ ಹೆಚ್ಚಾಗಿದೆ ಎಂದು. ಬಂಕಿನಲ್ಲಿ ದುಡ್ಡು ಕೊಟ್ಟು ಹಾಕಿಸಿದ ಡೀಸೆಲ್ ಮಸಿಯಾಗಿ ಹೋಗುತ್ತಿದೆ. ಮೊದಲು ಏರ್ ಫಿಲ್ಟರ್ ತೆಗೆದು ಟ್ಯೂಬ್‌ಲೈಟಿಗೆ ಅಡ್ಡ ಹಿಡಿಯಿರಿ. ಬೆಳಕು ಕಾಣದಿದ್ದರೆ ಗಾಳಿಯೂ ಹೋಗುವುದಿಲ್ಲ. ಒಂದೇ ಕಡೆ ಸೂಜಿಮೊನೆಯಷ್ಟು ಬೆಳಕು ಚುಚ್ಚಿದ ಹಾಗೆ ಕಂಡರೆ ಅದು ಇನ್ನೂ ಕೆಟ್ಟದ್ದು, ಫಿಲ್ಟರ್ ತೂತಾಗಿದೆ. ಆ ತೂತಿನಿಂದ ಹೋದ ರಸ್ತೆಯ ಧೂಳು ಒಳಗೆ ಲೈನರನ್ನು, ಅಂದರೆ ಸಿಲಿಂಡರಿನ ಒಳಗೋಡೆಯನ್ನು, ಮರಳು ಕಾಗದದಂತೆ ತಿಕ್ಕುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯನ್ನು ಹತ್ತಿರದಿಂದ ಜೋರಾಗಿ ಬಿಟ್ಟು ಫಿಲ್ಟರ್ ಕ್ಲೀನ್ ಮಾಡುವವರಿದ್ದಾರೆ. ಇಂಥ ತೂತುಗಳಲ್ಲಿ ಅರ್ಧ ಅಲ್ಲಿಯೇ ಹುಟ್ಟುತ್ತವೆ ಎಂಬುದು ನನ್ನ ಗುಮಾನಿ. ಊದುವುದಾದರೆ ಒಳಗಿನಿಂದ ಹೊರಕ್ಕೆ, ಮೆಲ್ಲಗೆ ಊದಬೇಕು. ಎರಡು ಮೂರು ಸಲ ಊದಿದ ಮೇಲೆ ಹೊಸದು ಹಾಕಿ.

ಫಿಲ್ಟರ್ ಆದ ಮೇಲೆ ಹೋಸುಗಳು. ಆಮೇಲೆ ನಾಸಲ್. ನಾಸಲ್ ಬಿಚ್ಚಿ ಟೆಸ್ಟರಿಗೆ ಕೂರಿಸಿ ಹಿಡಿಕೆ ಒತ್ತಿದರೆ ಡೀಸೆಲ್ ಮಂಜಾಗಿ ಹಾರಬೇಕು, ಒತ್ತುವುದು ನಿಲ್ಲಿಸಿದ ಕೂಡಲೇ ನಿಲ್ಲಬೇಕು. ಮಗುವಿನ ಮೂಗಿನ ಹಾಗೆ ತುದಿಯಲ್ಲಿ ಹನಿ ತೂಗುತ್ತಿದ್ದರೆ ಅದೇ ಹೊಗೆಯ ಮೂಲ. ಕಟ್ಟಕಡೆಗೆ ನಾಸಲ್‌ಗೆ ಡೀಸೆಲ್ ಒತ್ತಿ ಕಳಿಸುವ ಪಂಪ್. ನಮ್ಮ ಕಡೆ ವಯಸ್ಸಾದ ಮೆಕ್ಯಾನಿಕ್‌ಗಳು ಈಗಲೂ "ಮೈಕೋ ಪಂಪ್" ಎಂದೇ ಅನ್ನುತ್ತಾರೆ. 1951ರಲ್ಲಿ ಶುರುವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೇರು ಬಿಟ್ಟ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಗ್ಯಾರೇಜಿನಲ್ಲಿ ಮಾತ್ರ ಬದಲಾಗಲಿಲ್ಲ. ಪಂಪನ್ನು ಕ್ಯಾಲಿಬ್ರೇಷನ್ ಬೆಂಚ್ ಇರುವ ಕಡೆಯೇ ಬಿಚ್ಚಿಸಬೇಕು. ಅದರ ಸೀಲ್ ಒಡೆದು ಸ್ಕ್ರೂ ತಿರುವಿ "ಎಳೆತ ಜಾಸ್ತಿ ಮಾಡಿಕೊಡ್ತೀನಿ" ಅನ್ನುವವರನ್ನು ಕಂಡರೆ ಗಾಡಿ ಅಲ್ಲಿಂದ ತೆಗೆಯಿರಿ.

ನೀಲಿ ಹೊಗೆ ಎಂಜಿನ್ ಆಯಿಲ್ ಸುಡುವುದರಿಂದ ಬರುತ್ತದೆ. ಕೂಡಲೇ ಎಂಜಿನ್ ಬಿಚ್ಚಬೇಕು, ರಿಂಗ್, ಪಿಸ್ಟನ್, ಬೋರ್ ಅಂತ ಮಾತು ಶುರುವಾಗುತ್ತದೆ. ನಿಜವೂ ಇರಬಹುದು. ಆದರೆ ಮೊದಲು ಗೇಜ್ ಎಳೆದು ನೋಡಿ, ಆಯಿಲ್ ಮೇಲಿನ ಗೆರೆ ದಾಟಿದೆಯೇ? ಎಂಜಿನ್ನಿನ ಒಳಗಿನ ಆವಿ ಹೊರಹೋಗುವ ಬ್ರೀದರ್ ಪೈಪ್ ಕಟ್ಟಿದೆಯೇ?

ಹೆಚ್ಚಾದ ಆಯಿಲ್ ಏನು ಮಾಡುತ್ತದೆ ಎಂಬುದನ್ನು ನಾನು ಕೆಲಸ ಕಲಿಯುವಾಗಲೇ ಕಂಡವನು. ಆಗಿನ ಕೆಲವು ಗಾಡಿಗಳ ಏರ್ ಕ್ಲೀನರಿನಲ್ಲಿ ಕಾಗದದ ಫಿಲ್ಟರ್ ಇರುತ್ತಿರಲಿಲ್ಲ, ತಳದ ಬಟ್ಟಲಿನಲ್ಲಿ ಆಯಿಲ್ ಇರುತ್ತಿತ್ತು, ಧೂಳು ಅದರಲ್ಲಿ ಸಿಕ್ಕಿಕೊಳ್ಳಲಿ ಅಂತ. ನಾನು ಧಾರಾಳಿ, ಗುರುತಿಗಿಂತ ಮೇಲೆ ತುಂಬಿಸಿದೆ. ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಒತ್ತಿದೆ. ಎಂಜಿನ್ ಆ ಆಯಿಲ್ಲನ್ನೇ ಹೀರಿಕೊಂಡು ಓಡತೊಡಗಿತು. ಕಾಲು ತೆಗೆದರೂ ವೇಗ ಏರುತ್ತಲೇ ಇತ್ತು. ಸ್ಟಾಪ್ ಎಳೆದೆ, ನಿಲ್ಲಲಿಲ್ಲ. ಡೀಸೆಲ್ ನಿಂತಿದ್ದರೂ ಅದಕ್ಕೆ ಬೇರೆ ಊಟ ಸಿಕ್ಕಿತ್ತಲ್ಲ! ಶೆಡ್ಡಿನ ತುಂಬ ನೀಲಿ ಹೊಗೆ, ತಗಡು ನಡುಗುವ ಸದ್ದು. ನಾನು ಹೊರಗೆ ಓಡಿದೆ. ನಮ್ಮ ಉಸ್ತಾದರು ಒಳಗೆ ಓಡಿದರು. ಏರ್ ಪೈಪ್ ಕಿತ್ತು, ಅದರ ಬಾಯಿಗೆ ಒಂದು ಮರದ ಹಲಗೆ ಒತ್ತಿ ಹಿಡಿದರು. ಉಸಿರು ಕಟ್ಟಿ ಎಂಜಿನ್ ಎರಡು ಸಲ ಒದರಿ ನಿಂತಿತು. ಅವರು ನನಗೆ ಬೈಯಲಿಲ್ಲ, "ಇಂಥ ಹೊತ್ತಲ್ಲಿ ಕೈಯನ್ನು ಮಾತ್ರ ಅಡ್ಡ ಇಡಬೇಡ, ಎಳೆದುಕೊಳ್ಳುತ್ತೆ" ಅಂದರು. ಟರ್ಬೋ ಸೀಲ್ ಹೋಗಿ ಆಯಿಲ್ ಒಳಗೆ ನುಗ್ಗಿದರೂ ಹೀಗೇ ಆಗುತ್ತದೆ. ರಸ್ತೆಯಲ್ಲಿ ಆದರೆ ಬ್ರೇಕ್ ಗಟ್ಟಿಯಾಗಿ ಒತ್ತಿ, ಟಾಪ್ ಗೇರಿಗೆ ಹಾಕಿ, ಕ್ಲಚ್ ಬಿಟ್ಟುಬಿಡಿ, ಎಂಜಿನ್ ಕಟ್ಟಿಹೋಗಿ ನಿಲ್ಲುತ್ತದೆ.

ಬಿಳಿ ಹೊಗೆಗೆ ಎರಡು ಜಾತಿ. ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಂದು, ಕಣ್ಣು ಉರಿಸಿ, ಎಂಜಿನ್ ಬಿಸಿಯಾದ ಮೇಲೆ ಹೋಗುವುದು ಉರಿಯದ ಡೀಸೆಲ್. ಸ್ಟಾರ್ಟ್ ಮಾಡುವಾಗ ಸಿಲಿಂಡರನ್ನು ಬಿಸಿ ಮಾಡುವ ಹೀಟರ್ ಪ್ಲಗ್‌ಗಳನ್ನು ಚೆಕ್ ಮಾಡಿಸಿ. ಬಿಸಿಯಾದ ಮೇಲೂ ಹೋಗದೆ, ಒಂದು ಥರ ಸಿಹಿ ವಾಸನೆ ಇದ್ದು, ರೇಡಿಯೇಟರ್ ನೀರು ದಿನಾ ಕಮ್ಮಿಯಾಗುತ್ತಿದ್ದರೆ ಅದು ಕೂಲೆಂಟ್, ಎಂಜಿನ್ನಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಕಡೆ ಬೆರಳು ತೋರಿಸುತ್ತದೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ ನೋಡಿ, ಅನ್ನದ ಎಸರಿನಂತೆ ಗುಳ್ಳೆ ಏಳುತ್ತಲೇ ಇದ್ದರೆ ಅನುಮಾನ ಗಟ್ಟಿ. ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆಯಂಥ ನೊರೆ ಕಂಡರೆ ಗಾಡಿ ಓಡಿಸಬೇಡಿ. ಬಿಸಿ ಇರುವಾಗ ಮುಚ್ಚಳ ತೆಗೆದು ಮುಖ ಸುಟ್ಟುಕೊಂಡವರನ್ನು ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೇನೆ. ಇನ್ನು ಬೋರ್‌ವೆಲ್ ನೀರು. ಬಚ್ಚಲ ಹಂಡೆಯೊಳಗೆ ಬಿಳಿ ಪದರ ಕಟ್ಟುವ ಆ ನೀರನ್ನೇ ರೇಡಿಯೇಟರಿಗೂ ಹುಯ್ದರೆ ಅಲ್ಲೂ ಅದೇ ಪದರ ಕಟ್ಟುತ್ತದೆ, ಎಂಜಿನ್ ಕಾಯುತ್ತದೆ, ಗ್ಯಾಸ್ಕೆಟ್ ಸುಡುತ್ತದೆ. ಕೂಲೆಂಟಿನಲ್ಲಿ ಉಳಿಸಿದ ದುಡ್ಡು ಹೆಡ್ ಕೆಲಸಕ್ಕೆ ಹೋಗುತ್ತದೆ.

ಈಗ ಇಜಿಆರ್. ನಮ್ಮಲ್ಲಿ ಇದರಷ್ಟು ಬೈಸಿಕೊಂಡ ಸಾಮಾನು ಮತ್ತೊಂದಿಲ್ಲ. ಸುಟ್ಟ ಹೊಗೆಯಲ್ಲಿ ಸ್ವಲ್ಪ ಪಾಲನ್ನು ಮತ್ತೆ ಎಂಜಿನ್ನಿನ ಬಾಯಿಗೇ ಕೊಡುವ ವಾಲ್ವ್ ಅದು. "ಉಂಡದ್ದನ್ನೇ ಮತ್ತೆ ಉಣ್ಣಿಸೋದು ಯಾಕೆ ಸ್ವಾಮಿ?" ಅಂತ ಜನ ಕೇಳುತ್ತಾರೆ. ಕಾರಣ ಇದೆ. ಸಿಲಿಂಡರಿನೊಳಗೆ ಬೆಂಕಿ ವಿಪರೀತ ಬಿಸಿಯಾದರೆ ಗಾಳಿಯಲ್ಲಿನ ಸಾರಜನಕ ಆಮ್ಲಜನಕದೊಂದಿಗೆ ಸೇರಿ ಎದೆಗೆ ಕೆಟ್ಟದಾದ ಅನಿಲಗಳಾಗುತ್ತವೆ. ಸುಟ್ಟ ಹೊಗೆಯಲ್ಲಿ ಆಮ್ಲಜನಕ ಕಮ್ಮಿ, ಅದನ್ನು ಬೆರೆಸಿದರೆ ಬೆಂಕಿಯ ಬಿಸಿ ತಗ್ಗುತ್ತದೆ. ಲೋಡ್ ಬಿದ್ದಾಗ ವಾಲ್ವ್ ಮುಚ್ಚಿಕೊಳ್ಳಬೇಕು. ಮಸಿ ಕಟ್ಟಿ ತೆರೆದೇ ಉಳಿದರೆ ಎಂಜಿನ್ನಿಗೆ ಒಳ್ಳೆ ಗಾಳಿ ಸಾಲದೆ ಕಪ್ಪು ಹೊಗೆ ಬರುತ್ತದೆ, ಏರಿನಲ್ಲಿ ಎಳೆಯುವುದಿಲ್ಲ. ಆಗ ನಮ್ಮವರು ಮಾಡುವುದೇನು? ತಗಡು ಕತ್ತರಿಸಿ ಗ್ಯಾಸ್ಕೆಟ್ ಜಾಗಕ್ಕೆ ತೂರಿಸಿ ದಾರಿ ಬಂದ್ ಮಾಡುವುದು. ಗಾಡಿ ಎಳೆಯುತ್ತದೆ, ಮಾಲೀಕ ಖುಷಿ. ಎಮಿಷನ್ ಟೆಸ್ಟಿನಲ್ಲಿ ಸಿಕ್ಕಿಬೀಳುವುದೂ ಇಲ್ಲ, ಯಾಕೆಂದರೆ ಡೀಸೆಲ್ ಗಾಡಿಗೆ ಅಲ್ಲಿ ಅಳೆಯುವುದು ಹೊಗೆಯ ದಟ್ಟತನ ಮಾತ್ರ, ಕಣ್ಣಿಗೆ ಕಾಣದ ಆ ಅನಿಲವನ್ನಲ್ಲ. ಅದು ಉಳಿಯುವುದು ಸಂತೆ ಬೀದಿಯಲ್ಲಿ, ಶಾಲೆಯ ಗೇಟಿನ ಮುಂದೆ.

ನಾನೂ ಹಿಂದೆ ತಗಡು ಹಾಕಿದ್ದೇನೆ. ಈಗ ಹಾಕುವುದಿಲ್ಲ. ಬಿಚ್ಚಿ, ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಹೊಡೆದು, ಮಸಿ ನೆನೆಯಲು ಬಿಟ್ಟು, ಹಳೇ ಟೂತ್‌ಬ್ರಷ್ಷಿನಿಂದ ಉಜ್ಜಿ, ಹೊಸ ಗ್ಯಾಸ್ಕೆಟ್ ಇಟ್ಟು ಕೂರಿಸಲು ಅರ್ಧ ದಿನ ಸಾಕು. ಹಲವು ಹಳೇ ಗಾಡಿಗಳಲ್ಲಿ ಈ ವಾಲ್ವನ್ನು ಎಳೆಯುವುದು ವ್ಯಾಕ್ಯೂಮ್, ಅಂದರೆ ಗಾಳಿ ಹೀರಿದ ಸೆಳೆತ. ಆಲ್ಟರ್ನೇಟರಿನ ಹಿಂದಿರುವ ಅದೇ ವ್ಯಾಕ್ಯೂಮ್ ಪಂಪ್ ಪೆಡಲ್ ಹಗುರ ಮಾಡುವ ಬ್ರೇಕ್ ಬೂಸ್ಟರಿಗೂ ಆಸರೆ. ಆ ಪಂಪಿನಿಂದ ಬರುವ, ಬೆರಳು ಗಾತ್ರವೂ ಇಲ್ಲದ ರಬ್ಬರ್ ಪೈಪ್ ಒಣಗಿ ಸೀಳಿದ್ದರೆ ಬ್ರೇಕ್ ಪೆಡಲ್ ಕೂಡ ಗಟ್ಟಿಯಾಗಬಹುದು. ವಾಲ್ವಿಗೆ ಬೈಯುವ ಮೊದಲು ಪೈಪ್ ನೋಡಿ.

ಎಮಿಷನ್ ಟೆಸ್ಟಿನ ಮಾತು ಬಂತಲ್ಲ. ಬಿಎಸ್ ಅಂದರೆ ಭಾರತ್ ಸ್ಟೇಜ್, ಗಾಡಿ ಬಿಡುವ ಹೊಗೆಗೆ ಸರ್ಕಾರ ಹಾಕಿದ ಮಟ್ಟ. ಬಿಎಸ್ 4ಕ್ಕಿಂತ ಹಿಂದಿನ ಡೀಸೆಲ್ ಗಾಡಿಗೆ ಹೊಗೆಯ ಮಿತಿ ಹಾರ್ಟ್ರಿಜ್ ಅಳತೆಯಲ್ಲಿ 65, ಬಿಎಸ್ 4ಕ್ಕೆ 50. ಹಳೇ ಗಾಡಿಯ ಸರ್ಟಿಫಿಕೇಟ್ ಆರು ತಿಂಗಳು, ಬಿಎಸ್ 4ರದ್ದು ಒಂದು ವರ್ಷ. ದೇಶದಾದ್ಯಂತ ಬಿಎಸ್ 4 ಬಂದದ್ದು 2017ರ ಏಪ್ರಿಲ್ 1ಕ್ಕೆ, ಬಿಎಸ್ 6 ಬಂದದ್ದು 2020ರ ಏಪ್ರಿಲ್ 1ಕ್ಕೆ. ನಿಮ್ಮದು ಯಾವುದು ಅಂತ ಆರ್‌ಸಿಯಲ್ಲಿ ನೋಡಿಕೊಳ್ಳಿ. ಟೆಸ್ಟಿಗೆ ಹೋಗುವಾಗ ಹತ್ತು ಕಿಲೋಮೀಟರ್ ಓಡಿಸಿ, ಎಂಜಿನ್ ಬಿಸಿ ಇರುವಾಗಲೇ ಹೋಗಿ. ತಣ್ಣನೆಯ ಎಂಜಿನ್ ಇಲ್ಲದ ಹೊಗೆಯನ್ನೂ ತೋರಿಸುತ್ತದೆ. ಟೆಸ್ಟಿನ ಹಿಂದಿನ ದಿನ ಪಂಪ್ ಸ್ಕ್ರೂ ಇಳಿಸಿ, ಸ್ಟಿಕ್ಕರ್ ಅಂಟಿಸಿದ ಮೇಲೆ ಮತ್ತೆ ಏರಿಸುವ ಆಟ ಇದೆ. ಮೀಟರಿಗೆ ಮೋಸವಾಗುತ್ತದೆ ನಿಜ, ಬಂಕಿನ ಬಿಲ್ಲಿಗೆ ಆಗುವುದಿಲ್ಲ.

ಒಂದು ಎಚ್ಚರಿಕೆ. ಹಳೇ ಪಂಪಿನ ಗಾಡಿ ಡೀಸೆಲ್ ಮುಗಿದು ಏರ್ ಹಿಡಿದರೆ ಬ್ಲೀಡ್ ಸ್ಕ್ರೂ ಸಡಿಲಿಸಿ, ಹ್ಯಾಂಡ್ ಪ್ರೈಮರ್ ಒತ್ತಿ, ಗುಳ್ಳೆ ನಿಲ್ಲುವ ತನಕ ಗಾಳಿ ತೆಗೆಯುತ್ತೇವೆ. ಆಮೇಲೂ ಹಿಡಿಯದಿದ್ದರೆ ನಾಸಲ್ ಪೈಪಿನ ನಟ್ ಸಡಿಲಿಸುವುದೂ ರೂಢಿ. ಕಾಮನ್ ರೈಲ್ ಗಾಡಿಯಲ್ಲಿ, ಅಂದರೆ ಎಲ್ಲ ನಾಸಲ್‌ಗೂ ಒಂದೇ ಪೈಪಿನಿಂದ ಭಾರೀ ಒತ್ತಡದ ಡೀಸೆಲ್ ಹಂಚುವ ಗಾಡಿಯಲ್ಲಿ, ಆ ನಟ್ಟಿಗೆ ಕೈ ಹಚ್ಚಬೇಡಿ. ನಿಮ್ಮ ಹಿಂದಿನ ಟೈರಿನಲ್ಲಿರುವ ಒತ್ತಡ ನಾಲ್ಕೈದು ಬಾರ್. ಆ ಪೈಪಿನಲ್ಲಿ ಸಾವಿರ ದಾಟುತ್ತದೆ. ಕೂದಲೆಳೆಯ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಸೂಜಿ ಚುಚ್ಚಿದಂತೆ ಕಾಣುವ ಗಾಯ ಬೆರಳನ್ನೇ ತೆಗೆಸಬಹುದು.

ಬಿಎಸ್ 6 ಗಾಡಿಗಳೂ ಈಗ ಹಳತಾಗಿ ನಮ್ಮ ಕಡೆ ಬರುತ್ತಿವೆ. ಅವುಗಳ ಕಥೆ ಬೇರೆಯೇ ಒಂದು ದಿನದ್ದು. ಕೆಲವಕ್ಕೆ ಡೀಸೆಲ್ ಜೊತೆಗೆ ಡಿಇಎಫ್ ಎಂಬ ದ್ರಾವಣ ಹಾಕಬೇಕು, ಶುದ್ಧ ನೀರಿನಲ್ಲಿ ನೂರಕ್ಕೆ 32.5 ಪಾಲು ಯೂರಿಯಾ. "ಮನೇಲಿ ಗೊಬ್ಬರದ ಮೂಟೆ ಇದೆಯಲ್ಲ ಅಣ್ಣ" ಅಂತ ಒಬ್ಬರು ಕೇಳಿದರು. ತಮಾಷೆಗೆ ಕೇಳಿದ್ದಲ್ಲ. ಗದ್ದೆಯ ಯೂರಿಯಾಕ್ಕೆ ಬೇವಿನ ಎಣ್ಣೆ ಲೇಪಿಸಿರುತ್ತಾರೆ, ಅದನ್ನು ಕಲಸಿ ಹುಯ್ದರೆ ಹೊಗೆ ಶುದ್ಧ ಮಾಡುವ ಆ ದುಬಾರಿ ಡಬ್ಬಿಯೇ ಕೆಡುತ್ತದೆ. ಬತ್ತಕ್ಕೇ ಇರಲಿ ಅಂದೆ.

ಕೊನೆಯದಾಗಿ, ಗ್ಯಾರೇಜಿಗೆ ಬಂದು "ಹೊಗೆ ಬರುತ್ತೆ, ನೋಡಿ" ಅಂತಷ್ಟೇ ಹೇಳಬೇಡಿ. ಯಾವ ಬಣ್ಣ, ಬೆಳಿಗ್ಗೆ ಮಾತ್ರವೋ ದಿನವಿಡೀಯೋ, ಖಾಲಿಯಲ್ಲೋ ಲೋಡಿನಲ್ಲೋ, ಯಾವ ಏರಿನಲ್ಲಿ ಯಾವ ಗೇರು ಅಂತ ಹೇಳಿ. ಹಳೇ ಸಾಮಾನು ಬದಲಾಯಿಸಿದರೆ ಅದನ್ನು ಕೈಗೆ ಕೊಡಿ ಅಂತ ಕೇಳಿ, ಕೊಡಬೇಕು. ಹೆಂಚಿನ ಗಾಡಿಯ ಹುಡುಗ ಆ ಸೀಳಿದ ಹೋಸನ್ನು ಕೇಳಿ ಇಸಿದುಕೊಂಡು ಸೀಟಿನ ಹಿಂದೆ ಹಾಕಿಕೊಂಡ. ಯಾಕೆ ಅಂದೆ. "ಪಂಪ್ ಇಳಿಸ್ಬೇಕು ಅಂದ್ರಲ್ಲ, ವಾಪಸ್ ಹೋಗುವಾಗ ಅವ್ರಿಗೊಂದ್ಸಲ ತೋರಿಸ್ಬೇಕು" ಅಂದ.

ನಮಸ್ಕಾರ.